ಜಿನುಗುವ ಅಣೆಕಟ್ಟು: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ಹಳೆಯ ಅಣೆಕಟ್ಟುಗಳ ಕಲ್ಲುಗೋಡೆಯ ಹಿಂಬದಿಯಲ್ಲಿ ನೀರು ಜಿನುಗಿ ಬಿಳಿ ಗೆರೆ ಕಟ್ಟಿರುತ್ತದೆ. ಕೊಡಗಿನ ನಮ್ಮ ಹಾರಂಗಿ ಅಣೆಕಟ್ಟಿಗೂ ನಲವತ್ತು ವರ್ಷ ದಾಟಿತು. ಇಂಥ ಗೆರೆ ಕಂಡರೆ ಗೋಡೆ ಬಲ ಕಳೆದುಕೊಂಡಿದೆ ಎಂದು ತಿಳಿಯಬೇಕೇ?
– ಓದುಗರು, ಕೂಡಿಗೆ

ಉತ್ತರ: ಒಂದಿಷ್ಟೂ ಜಿನುಗದ ಅಣೆಕಟ್ಟು ಇಲ್ಲ. ಆ ಬಿಳಿ ಗೆರೆ ಗಾರೆಯೊಳಗಿನ ಸುಣ್ಣ. ನೀರಿನಲ್ಲಿ ಕರಗಿ ಬಂದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಒಂದು ವರ್ಷದ ಗೆರೆಯಿಂದ ಅಪಾಯವಿಲ್ಲ. ದಶಕಗಟ್ಟಲೆ ಹೀಗೇ ಸುಣ್ಣ ಹೋದರೆ ಕಲ್ಲುಸಂದಿ ಟೊಳ್ಳಾಗುತ್ತದೆ. ಆಗ ನೀರಿನ ಕಡೆಯ ಮುಖಕ್ಕೆ ಸಂದಿ ತುಂಬಿ, ಮೇಲಿಂದ ರಂಧ್ರ ಕೊರೆದು ಸಿಮೆಂಟ್ ಗ್ರೌಟ್ (ತೆಳು ಸಿಮೆಂಟ್ ಪಾಕ) ಒತ್ತುತ್ತಾರೆ.

ನೋಡಬೇಕಾದದ್ದು ಗೆರೆಯನ್ನಲ್ಲ, ಅಳತೆಯನ್ನು. ಗೋಡೆಯೊಳಗಿನ ಗ್ಯಾಲರಿಯಲ್ಲಿ, ಅಂದರೆ ಸುರಂಗದಂಥ ಓಣಿಯಲ್ಲಿ, ಸೇರುವ ನೀರು 90 ಡಿಗ್ರಿಯ ವಿ-ನಾಚ್ ತಟ್ಟೆ (ಇಂಗ್ಲಿಷ್ V ಆಕಾರದಲ್ಲಿ ಕತ್ತರಿಸಿದ ತಟ್ಟೆ) ದಾಟಿ ಹೋಗುತ್ತದೆ. ವಿ-ಯ ತುದಿಯಿಂದ ನೀರಿನ ಎತ್ತರ 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂ.ಮೀ. ಆದರೆ 4.4 ಲೀಟರ್. ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟು! ಜಲಾಶಯದ ಮಟ್ಟ ಒಂದೇ ಇದ್ದ ದಿನಗಳನ್ನು ಹೋಲಿಸಿದರೆ ಮಾತ್ರ ಈ ಲೆಕ್ಕಕ್ಕೆ ಅರ್ಥ.

ಸೋರಿಕೆ ಹೆಚ್ಚಿದರೆ ಎಲ್ಲರೂ ಎಚ್ಚರಾಗುತ್ತಾರೆ. ಕಡಿಮೆಯಾದರೆ ಸಮಾಧಾನ ಪಡುತ್ತಾರೆ, ಅದು ತಪ್ಪಾಗಬಹುದು. ಅದೇ ಸುಣ್ಣ, ಜಿನುಗಿದ ನೀರನ್ನು ಹೊರಬಿಡುವ ಡ್ರೈನೇಜ್ ರಂಧ್ರಗಳಲ್ಲಿ ಕಟ್ಟಿಕೊಂಡರೆ ನೀರು ಹೊರಬರದೆ ಬುಡದಲ್ಲಿ ಉಳಿದು ಗೋಡೆಯನ್ನು ಮೇಲಕ್ಕೆ ಒತ್ತುತ್ತದೆ. ತನ್ನ ತೂಕದಿಂದಲೇ ನಿಲ್ಲುವ ಗೋಡೆಗೆ ಇದು ದೊಡ್ಡ ಶತ್ರು. ಆದ್ದರಿಂದ ಒಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರನ್ನೂ ಜೊತೆಗೇ ಓದಬೇಕು. ಸೋರಿಕೆ ಇಳಿದು ಒತ್ತಡ ಏರಿದ್ದರೆ ರಂಧ್ರ ಮುಚ್ಚಿದೆ ಎಂದೇ ಲೆಕ್ಕ. ಕೂಡಲೇ ಕೊರೆದು ಶುಚಿ ಮಾಡಬೇಕು. ಗ್ರೌಟ್ ಮಾಡಿದ ಮೇಲೂ ಇದು ಕಡ್ಡಾಯ.

ಮಣ್ಣಿನ ಏರಿಯಲ್ಲಾದರೆ ಬಣ್ಣ ನೋಡಿ. ತಿಳಿನೀರಿಗೆ ಅಳತೆ ಸಾಕು. ಕೆಂಪು, ಕದಡಿದ ನೀರು ಬಂದರೆ ಒಳಗಿನ ಮಣ್ಣೇ ಹೊರಡುತ್ತಿದೆ. ಅದನ್ನು ನಾಳೆಗೆ ಬಿಡುವಂತಿಲ್ಲ, ಕಂಡವರು ಆಗಲೇ ಅಣೆಕಟ್ಟಿನ ಸಿಬ್ಬಂದಿಗೆ ತಿಳಿಸಬೇಕು.

ಪ್ರಶ್ನೆ: ವಿದ್ಯುತ್ ಉತ್ಪಾದನೆ ನಿಲ್ಲಿಸಿದರೆ ಹಳೆಯ ಗೋಡೆಗೆ ಭಾರ ಇಳಿಯುತ್ತದೆಯೇ?
– ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ. ಒತ್ತಡ ನೀರಿನ ಆಳಕ್ಕೆ ಸಂಬಂಧಿಸಿದ್ದು: 50 ಮೀಟರ್ ಆಳದಲ್ಲಿ ಚದರ ಮೀಟರಿಗೆ 50 ಟನ್. ಟರ್ಬೈನ್ ತಿರುಗಿದರೂ ನಿಂತರೂ ಅಷ್ಟೇ.

ಪ್ರಶ್ನೆ: ಹಾರಂಗಿ ತುಂಬುವ ಮೊದಲೇ ನದಿಗೆ ನೀರು ಬಿಡುವುದು ವ್ಯರ್ಥವಲ್ಲವೇ?
– ಓದುಗರು, ಮಾದಾಪುರ

ಉತ್ತರ: ವ್ಯರ್ಥವಲ್ಲ. ಹಾರಂಗಿಯ ಸಾಮರ್ಥ್ಯ 8.5 ಟಿಎಂಸಿ, ಗರಿಷ್ಠ ಮಟ್ಟ 2,859 ಅಡಿ. 10,000 ಕ್ಯೂಸೆಕ್ ಒಳಹರಿವು ಒಂದು ದಿನ ಹೀಗೇ ಮುಂದುವರಿದರೆ 0.86 ಟಿಎಂಸಿ ಸೇರುತ್ತದೆ. ಮಡಿಕೇರಿ ಕಡೆಯ ಬೆಟ್ಟಗಳಲ್ಲಿ ಆಶ್ಲೇಷಾ ಮಳೆ ಹಿಡಿದಾಗ ಅಂಚಿನವರೆಗೆ ತುಂಬಿಸಿಟ್ಟರೆ, ಬಂದದ್ದನ್ನೆಲ್ಲ ಒಮ್ಮೆಲೇ ಬಿಡಬೇಕಾಗುತ್ತದೆ. 2018ರ ಆಗಸ್ಟ್‌ನ ನೆರೆ, ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಕುಸಿದು ಬಂದ ಹೂಳು ಕೂತಷ್ಟೂ ಜಾಗ ಇನ್ನೂ ಕಡಿಮೆ.

ಆದರೆ ನೀರು ಬಿಡಲು ಗೇಟ್ ಏಳಬೇಕಲ್ಲ! 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದದ್ದು ಚೈನ್ ತುಂಡಾಗಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೆ ಮಳೆಗಾಲದ ಮುಂಚೆ ಮತ್ತು ಆಮೇಲೆ ತಪಾಸಣೆ ಆಗಲೇಬೇಕು. ಅದರಲ್ಲಿ ಗೇಟ್ ಎತ್ತುವ ಉಕ್ಕಿನ ಹಗ್ಗ ಅಥವಾ ಚೈನಿನ ತುಕ್ಕು, ಪಿನ್‌ಗಳ ಗ್ರೀಸ್, ರಬ್ಬರ್ ಸೀಲ್, ಸ್ಟಾಪ್‌ಲಾಗ್ (ಗೇಟ್ ಕೆಟ್ಟಾಗ ನೀರು ತಡೆಯಲು ಇಳಿಸುವ ತಡೆ) ತನ್ನ ತೋಡಿನಲ್ಲಿ ಸಲೀಸಾಗಿ ಇಳಿಯುತ್ತದೆಯೇ ಎಂಬುದನ್ನು ನೋಡಬೇಕು. ಪ್ರತಿ ಗೇಟನ್ನೂ ಡೀಸೆಲ್ ಜನರೇಟರ್‌ನಿಂದಲೇ ಎತ್ತಿ ಇಳಿಸಬೇಕು. ಕೊಡಗಿನ ಮಳೆಯಲ್ಲಿ ಮೊದಲು ಹೋಗುವುದೇ ಕರೆಂಟ್, ಹಾಗಾಗಿ ಲೈನ್ ಕರೆಂಟ್‌ನಲ್ಲಿ ಎತ್ತಿ ತೋರಿಸಿದ್ದನ್ನು ಪರೀಕ್ಷೆ ಎಂದು ಒಪ್ಪಬಾರದು.