ಕೊಡಗಿಗೆ ಸೆಕೆಂಡ್ ಹ್ಯಾಂಡ್ ಬೈಕ್: ಮೀಟರಿಗಿಂತ ಮೊದಲು ಟ್ಯಾಂಕ್ ನೋಡಿ

ವಿರಾಜಪೇಟೆಯಲ್ಲಿ ಕೆಲಸ, ಕೈಯಲ್ಲಿ 1.3 ಲಕ್ಷ ರೂಪಾಯಿ, ದೂರದ ಓಡಾಟಕ್ಕೆ ಒಂದು ಹಳೆಯ ಬೈಕ್ ಬೇಕು, ಎಷ್ಟು ಕಿಲೋಮೀಟರ್ ಓಡಿರುವುದನ್ನು ಕೊಳ್ಳಬಹುದು ಎಂದು ಕೇಳಿದ್ದೀರಿ. ನಾನು ಸುಂಟಿಕೊಪ್ಪದ ಬಳಿ ಸಣ್ಣ ಕಾಫಿ ತೋಟ ನೋಡಿಕೊಂಡಿರುವವನು, ಮೆಕ್ಯಾನಿಕ್ ಅಲ್ಲ. ಮೂರು ಹಳೆಯ ಬೈಕ್ ಕೊಂಡಿದ್ದೇನೆ, ಒಂದರಲ್ಲಿ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ನಮ್ಮ ಊರಿನ ಮಟ್ಟಿಗೆ ಬೈಕ್ ಎಷ್ಟು ಓಡಿದೆ ಎನ್ನುವುದಕ್ಕಿಂತ ಎಷ್ಟು ಮಳೆಗಾಲ ಸುಮ್ಮನೆ ನಿಂತಿತ್ತು ಎಂದು ಕೇಳುವುದು ಮುಖ್ಯ.

2019ರಲ್ಲಿ ಕೊಂಡ ಬೈಕಿನ ಮೀಟರ್ ಬರೀ 11,000 ತೋರಿಸುತ್ತಿತ್ತು. ಹೊಳೆಯುವ ಬಣ್ಣ, ಹೊಸ ಸೀಟ್ ಕವರ್. ‘ಹೊರಗೆ ತೆಗೆದದ್ದೇ ಕಡಿಮೆ’ ಎಂದರು ಮಾರಿದವರು. ನಾನೂ ಅದನ್ನು ಬೈಕಿನ ಗುಣವೆಂದೇ ಎಣಿಸಿಕೊಂಡೆ! ಎರಡನೆಯ ವಾರ ಸುಳ್ಯದಿಂದ ಮರಳುವಾಗ ಜೋಡುಪಾಲದ ಮೇಲಿನ ಏರಿನಲ್ಲಿ ಎಂಜಿನ್ ಕೆಮ್ಮಿತು, ಇನ್ನೆರಡು ತಿರುವು ದಾಟಿ ನಿಂತೇ ಹೋಯಿತು. ಪಿಕಪ್ ವಾಹನದ ಮೇಲೆ ಮಲಗಿಸಿ ಮಡಿಕೇರಿಗೆ ತಂದದ್ದಾಯಿತು. ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ, ಅದರ ಬಟ್ಟಲನ್ನು ನನ್ನ ಮೂಗಿನ ಕೆಳಗೆ ಹಿಡಿದರು. ತಳದಲ್ಲಿ ಕಾಫಿ ಚರಟದಂತೆ ತುಕ್ಕಿನ ಪುಡಿ ಕೂತಿತ್ತು.

ಅರ್ಧ ಖಾಲಿಯಿರುವ ಕಬ್ಬಿಣದ ಟ್ಯಾಂಕಿನೊಳಗೆ ತೇವದ ಗಾಳಿ ಸೇರುತ್ತದೆ. ರಾತ್ರಿ ತಣ್ಣಗಾದಾಗ ಒಳಗೋಡೆ ಬೆವರುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಆ ನೀರನ್ನು ಹೀರಿಕೊಳ್ಳುತ್ತದೆ, ಹೀರಿದ್ದು ಅತಿಯಾದರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆದ್ದರಿಂದ ಬೈಕ್ ನೋಡಲು ಹೋಗುವಾಗ ಟಾರ್ಚ್ ಒಯ್ಯಿರಿ, ಮುಚ್ಚಳ ತೆಗೆಸಿ ಒಳಗೆ ಬೆಳಕು ಬಿಟ್ಟು ತುಕ್ಕು ಹಿಡಿದಿದೆಯೇ ನೋಡಿ. ಮೊಬೈಲನ್ನು ತೀರಾ ಹತ್ತಿರ ಒಯ್ಯಬೇಡಿ, ಕೆಳಗಿರುವುದು ಪೆಟ್ರೋಲ್.

ಬೆಳಗ್ಗೆಯೇ ಹೋಗಿ, ಮೊದಲು ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದು ನಿಮಗೆ ತಿಳಿಯುವುದಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಹೊರಡಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಹಲ್ಲು ಕಚ್ಚಿದಂತೆ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಸೀಟ್ ಎತ್ತಿಸಿ. ಅಡಿಯಲ್ಲಿ ಕಾಫಿ ಸಿಪ್ಪೆಯೋ ಹುಲ್ಲಿನ ಗೂಡೋ ಕಂಡರೆ ಅದು ಗೋದಾಮಿನಲ್ಲಿ ಇಲಿಗಳ ಜೊತೆ ಬಾಳಿದ ಬೈಕ್. ವೈರಿಂಗ್ ಮೇಲೆ ಸುತ್ತಿದ ಹೊಸ ಟೇಪ್ ಎಲ್ಲಿದೆ ಎಂದು ಹುಡುಕಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2219 ಎಂದಿದ್ದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳವಿರಲಿ, ಗಟ್ಟಿಯಾದ ಹಳೆಯ ರಬ್ಬರ್ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ.

ಯಾವ ಬೈಕ್? ನಿಮ್ಮ ಹಣಕ್ಕೆ ನಾನಾದರೆ ಹಳೆಯ 411 ಸಿಸಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಇಲ್ಲವೇ ಹೀರೋ ಎಕ್ಸ್‌ಪಲ್ಸ್ 200 ಹುಡುಕುತ್ತಿದ್ದೆ. ಮೊದಲನೆಯದಕ್ಕೆ 15 ಲೀಟರ್ ಟ್ಯಾಂಕ್, ಹೆದ್ದಾರಿಯಲ್ಲಿ ಸಾಮಾನು ಹೇರಿಕೊಂಡು ನಿರಾಳವಾಗಿ ಹೋಗುತ್ತದೆ. ಆದರೆ ತೂಕ 200 ಕಿಲೋ ಆಸುಪಾಸು. ತೋಟದ ಕೆಸರಿನ ಇಳಿಜಾರಿನಲ್ಲಿ ಒಮ್ಮೆ ಅದನ್ನು ಒಬ್ಬನೇ ಎತ್ತಿ ನಿಲ್ಲಿಸಿದ ಮೇಲೆ ನನಗೆ ಎಕ್ಸ್‌ಪಲ್ಸ್ ಮೇಲೆ ಗೌರವ ಬಂತು. ಅದು ಸುಮಾರು 40 ಕಿಲೋ ಹಗುರ. ಯಾವುದೇ ಆಗಲಿ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವುದನ್ನೇ ಕೊಳ್ಳಿ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಅದು 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ.

ಕಾಗದಪತ್ರದ ವಿಚಾರ: ಚಾಸಿ ಸಂಖ್ಯೆಯನ್ನು ಆರ್‌ಸಿಯೊಂದಿಗೆ ನೀವೇ ತಾಳೆ ನೋಡಿ, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಬ್ಯಾಂಕಿನ ಸಾಲ ನಮೂದಾಗಿದ್ದರೆ ಸಾಲ ತೀರಿದೆ ಎಂದು ತೋರಿಸುವ ನಮೂನೆ 35 ಇಲ್ಲದೆ ಹಣ ಕೊಡಬೇಡಿ. ಗಡಿಯಾಚೆಯ ಕೇರಳ ನೋಂದಣಿಯ ಬೈಕ್ ಅಗ್ಗವೆನಿಸಬಹುದು. ಎನ್‌ಒಸಿ (ಅಲ್ಲಿನ ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮತ್ತೆ ತೆರಿಗೆ ಕಟ್ಟಿದ ಮೇಲೆ ಲೆಕ್ಕ ಹಾಕಿ.

ಕೊಂಡ ಮೇಲೆ ಮೊದಲ ಖರ್ಚು ಬ್ರೇಕ್ ಆಯಿಲ್‌ಗೆ ಇರಲಿ. ಅದೂ ಗಾಳಿಯ ತೇವ ಹೀರುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಲಿವರ್ ಹತ್ತಿಯಂತೆ ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಘಾಟಿಯನ್ನು ಕೆಳಗಿನ ಗೇರಿನಲ್ಲಿ ಇಳಿಯಿರಿ. ಚೈನಿಗೆ ಎಣ್ಣೆ ಹಾಕುವುದು ಬೆಳಗ್ಗೆ ಹೊರಡುವಾಗಲ್ಲ, ಸಂಜೆ ಮನೆಗೆ ಬಂದ ಕೂಡಲೇ, ಅದು ಇನ್ನೂ ಬಿಸಿಯಿರುವಾಗ. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಹೆದರಿ ಬೈಕನ್ನು ಒಳಗಿಡುವುದಾದರೆ ಟ್ಯಾಂಕ್ ಕಂಠಮಟ್ಟ ತುಂಬಿಸಿ, ಆದರೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ; ಒಳಗಿನ ತೇವ ಅಲ್ಲೇ ಉಳಿಯುತ್ತದೆ. ನಾನು ಹಳೆಯ ಹತ್ತಿ ಸೀರೆ ಹೊದಿಸುತ್ತೇನೆ, ಹತ್ತು ದಿನಕ್ಕೊಮ್ಮೆ ಹೊಳವಾದಾಗ ಸುಂಟಿಕೊಪ್ಪದ ಪೇಟೆಯವರೆಗೆ ಓಡಿಸಿ ತರುತ್ತೇನೆ.