ಮೂಡಿಗೆರೆಗೂ ಸಮುದ್ರಕ್ಕೂ ಏನು ಸಂಬಂಧ?

ಮಾನ್ಯರೇ,

ಕಾಫಿ ಗಿಡ ಕೊರೆಯುವ ಕಾಂಡಕೊರಕ ಹುಳುವಿನ ಕಾಟಕ್ಕೆ ಅರ್ಧ ಪುಟ ಕೊಟ್ಟು, ಕಡಲಿನ ಸೂಕ್ಷ್ಮಜೀವಿಗಳ ಸಂಶೋಧನೆಗೆ ನಾಲ್ಕು ಪುಟ ಕೊಟ್ಟಿದ್ದೇಕೆ, ಚಿಕ್ಕಮಗಳೂರಿನ ಪತ್ರಿಕೆಗೆ ಸಮುದ್ರದ ಉಸಾಬರಿ ಏಕೆ ಎಂದು ಮೂಡಿಗೆರೆಯಿಂದ ಬರೆದಿದ್ದೀರಿ. ಕಾಂಡಕೊರಕದ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಸಮುದ್ರದ ಮಾತನ್ನು ಮಾತ್ರ ಒಪ್ಪಲಾರೆ.

ನಿಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟು ದಾಟಿ ಕಾವೇರಿಯೊಡನೆ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಘಟ್ಟದ ಆಚೆ ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯಾಗಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕಿಳಿಯುತ್ತದೆ. ಈ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಬಂಡೆಗಳಿಂದ ಕರಗಿದ ಸಿಲಿಕವನ್ನೂ, ತೋಟಕ್ಕೆ ಹಾಕಿದ ಯೂರಿಯಾದಲ್ಲಿ ಗಿಡಕ್ಕೆ ದಕ್ಕದೆ ಕೊಚ್ಚಿಹೋದ ಸಾರಜನಕವನ್ನೂ ಹೊತ್ತೊಯ್ಯುತ್ತದೆ. ಡಯಾಟಮ್ ಎಂಬ ಏಕಕೋಶ ಪಾಚಿ ತನ್ನ ಕವಚ ಕಟ್ಟಿಕೊಳ್ಳುವುದು ಈ ಸಿಲಿಕದಿಂದಲೇ, ಮತ್ತು ಕರಾವಳಿಯ ಮೀನಿನ ಆಹಾರಕ್ಕೆ ಅದು ದೊಡ್ಡ ಆಧಾರ. ಸಿಲಿಕ ಜಲಾಶಯದಲ್ಲೇ ತಂಗಿ ಸಾರಜನಕ ಮಾತ್ರ ಮುಂದೆ ಹರಿದರೆ, ಸಿಲಿಕ ಬೇಡದ ಬೇರೆ ಪಾಚಿಗಳಿಗೆ ಅನುಕೂಲವಾಗುತ್ತದೆ.

ಸತ್ತ ಪಾಚಿಯನ್ನು ತಿನ್ನುವುದು ಬ್ಯಾಕ್ಟೀರಿಯಾ. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಅವು ಸುಮಾರು 10 ಲಕ್ಷ. ಪಾಚಿಯಿಂದ ಸೋರಿದ ಸಾವಯವ ವಸ್ತು ಇವುಗಳ ಮೂಲಕ ಮತ್ತೆ ಆಹಾರ ಸರಪಣಿಗೆ ಮರಳುತ್ತದೆಂದು ಲಾಹೋರಿನಲ್ಲಿ ಹುಟ್ಟಿದ ಫಾರೂಕ್ ಅಜಾಂ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದರು. ಆದರೆ ತಿನ್ನುವ ಭರದಲ್ಲಿ ನೀರಿನ ಆಮ್ಲಜನಕ ಮುಗಿದರೆ ಕೆಲವು ಬ್ಯಾಕ್ಟೀರಿಯಾ ಅದರ ಬದಲು ನೀರಿನಲ್ಲಿ ಕರಗಿದ ಸಾರಜನಕದ ರೂಪವಾದ ನೈಟ್ರೇಟನ್ನೇ ಉಸಿರಾಡುತ್ತವೆ. ಆಗ ಹೊಮ್ಮುವ ಅನಿಲಗಳಲ್ಲಿ ಒಂದಾದ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಅನಿಲ ಹೊಮ್ಮುವುದು ಹೆಚ್ಚುತ್ತಿರುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಕ್ವಿ ಮತ್ತು ಸಂಗಡಿಗರು 2000ರಲ್ಲೇ ವರದಿ ಮಾಡಿದ್ದರು. ಎಲ್ಲ ತಪ್ಪನ್ನೂ ತೋಟಗಳ ತಲೆಗೆ ಕಟ್ಟುವುದು ಅನ್ಯಾಯ: ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ತಾನಾಗಿ ದಡದತ್ತ ಮೇಲೇರುತ್ತದೆ. ಅದರ ಮೇಲೆ ನಾವು ಸೇರಿಸುವ ಸಾರಜನಕದ ಪಾಲೆಷ್ಟು ಎಂಬುದೇ ಕೇಳಬೇಕಾದ ಪ್ರಶ್ನೆ.

ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಸಮುದ್ರದ್ದು ಎಂಬುದು ನಿಜವೇ ಎಂದೂ ಕೇಳಿದ್ದೀರಿ. ದ್ಯುತಿಸಂಶ್ಲೇಷಣೆಯ ಸುಮಾರು ಅರ್ಧ ಸಮುದ್ರದಲ್ಲಿ ನಡೆಯುವುದು ನಿಜ, ಆದರೆ ಅಲ್ಲಿ ಹುಟ್ಟಿದ ಆಮ್ಲಜನಕವನ್ನು ಬಹುಪಾಲು ಅಲ್ಲಿನ ಜೀವಿಗಳೇ ಬಳಸಿ ಮುಗಿಸುತ್ತವೆ. ಲೇಖನದ ಶೀರ್ಷಿಕೆಯಲ್ಲಿ ಆ ಮಾತನ್ನು ಅಷ್ಟು ಧಾರಾಳವಾಗಿ ಬಳಸಿದ್ದು ನಮ್ಮದೇ ಅಜಾಗರೂಕತೆ.

ಕಾಂಡಕೊರಕಕ್ಕೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಮೀಸಲಿಟ್ಟಿದ್ದೇವೆ. ನಿಮ್ಮ ತೋಟದ ಅನುಭವವನ್ನು ಬರೆದು ಕಳಿಸಿ.

— ಸಂಪಾದಕ