ಪಾದರಸ ಮರ ಹತ್ತುವುದು ಹೇಗೆ?

ಪ್ರಶ್ನೆ: ಹೋದ ತಿಂಗಳು ಕೊಡೈಕನಾಲ್‌ಗೆ ಹೋಗಿದ್ದೆವು. ಅಲ್ಲಿ ಹಿಂದೆ ಇದ್ದ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಕಾಡಿನ ಮರಗಳಿಗೂ ಸೇರಿದೆ ಎಂದು ಟ್ಯಾಕ್ಸಿಯವರು ಹೇಳಿದರು. ಅಷ್ಟು ಭಾರದ ಲೋಹ ಬೇರಿನಿಂದ ಮೇಲಕ್ಕೆ ಹತ್ತುತ್ತದೆಯೇ? ನಾವು ಅಡಿಕೆ ತೋಟಕ್ಕೆ ಬೆಟ್ಟದ ದರಕು (ಉದುರಿದ ಒಣ ಎಲೆ) ಹಾಕುವವರು. ಅದಕ್ಕೇ ಒಂದು ಅಳುಕು.
— ಓದುಗರೊಬ್ಬರು, ಶಿರಸಿ

ಉತ್ತರ: ಹತ್ತುವುದಲ್ಲ, ಇಳಿಯುವುದು! ಕಾಲೇಜಿನ ಲ್ಯಾಬಿನಲ್ಲಿ ಪಾದರಸದ ಗುಂಡನ್ನು ಅಂಗೈ ಮೇಲೆ ಉರುಳಿಸಿ ಆಡಿದವನು ನಾನು. ಅದು ಸುಮ್ನೆ ಇಟ್ಟರೂ ಆವಿಯಾಗುತ್ತದೆ, ಆ ಆವಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ ಅಂತ ನಮಗೆ ಆಗ ಯಾರೂ ಹೇಳಲಿಲ್ಲ. ಈ ಆವಿ ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ ಬಹುಪಾಲು ಅಲ್ಲೇ ಉಳಿಯುತ್ತದೆ. ಎಲೆ ಉದುರಿದಾಗ ಪಾದರಸವೂ ನೆಲಕ್ಕೆ. ಬೇರು ಮೇಲಕ್ಕೆ ಕಳಿಸುವುದು ತೀರ ಕಡಿಮೆ.

ಕೊಡೈಕನಾಲ್‌ನ ಗಾಳಿಯ ಗುಟ್ಟು ಬಿಟ್ಟುಕೊಟ್ಟದ್ದು ಕಲ್ಲುಹೂವು. ನಿಮ್ಮ ಮಸಾಲೆ ಡಬ್ಬಿಯಲ್ಲಿದೆಯಲ್ಲ, ಅದರ ನೆಂಟ. ಅದಕ್ಕೆ ಬೇರೇ ಇಲ್ಲ, ಗಾಳಿ ಮಳೆಯಲ್ಲಿ ಬಂದದ್ದೇ ಊಟ. ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಅಲ್ಲಿನ ಕಲ್ಲುಹೂವು, ಹಾವಸೆ ಕಿತ್ತು ಪರೀಕ್ಷಿಸಿದರು. ಸುಮಾರು 20 ಕಿ.ಮೀ. ದೂರದ ಬೆರಿಜಂ ಕೆರೆಯ ಬಳಿಯದಕ್ಕಿಂತ 40 ಪಟ್ಟಿನಷ್ಟು ಜಾಸ್ತಿ ಪಾದರಸ ಸಿಕ್ಕಿತು.

ಕಾರ್ಖಾನೆ 2001ರಲ್ಲೇ ಮುಚ್ಚಿತು. 2003ರಲ್ಲಿ ಪಾದರಸದ ಕಸವನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳಿಸಿದರು. ಕಾರ್ಖಾನೆ ಜಾಗದ ಮಣ್ಣನ್ನು ಎಷ್ಟು ಶುದ್ಧ ಮಾಡಬೇಕು ಎಂಬ ಜಗಳ ಮಾತ್ರ ವರ್ಷಗಟ್ಟಲೆ ಎಳೆಯಿತು. ಒಂದು ಕೆ.ಜಿ. ಮಣ್ಣಿನಲ್ಲಿ 20 ಮಿಲಿಗ್ರಾಂ ಉಳಿದರೆ ಪರವಾಗಿಲ್ಲ ಅಂತ ಕಂಪನಿ, ಇನ್ನೂ ಕಡಿಮೆ ಮಾಡಬೇಕು ಅಂತ ಹೋರಾಟಗಾರರು. ಇನ್ನೂ ಅಗೆದರೆ ಮರಗಳು ಹೋಗುತ್ತವೆ. ಬಿಟ್ಟರೆ ಮಳೆಗೆ ತೊಳೆದು ಪಕ್ಕದ ಪಾಂಬಾರ್ ಶೋಲಾ ಕಾಡಿಗೆ ಇಳಿಯುತ್ತದೆ. ಶೋಲಾ ಪಕ್ಕದ ಜಾಗಕ್ಕೆ 20 ಜಾಸ್ತಿಯೇ ಅಂತ ನನ್ನ ಲೆಕ್ಕ. ನೀರು ನಿಂತ ಕೆಸರಿಗೆ ಸೇರಿದರೆ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಎಂಬ ಇನ್ನೂ ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಅಲ್ಲಿಂದ ಮೀನಿಗೆ, ಮೀನಿನಿಂದ ನಮಗೆ.

ಇನ್ನು ನಿಮ್ಮ ದರಕು. ಕಲ್ಲಿದ್ದಲಿನ ಹೊಗೆಯಲ್ಲೂ ಪಾದರಸ ಇರುತ್ತದೆ, ಹಾಗಾಗಿ ಅದನ್ನು ಸುಡುವ ಈ ಕಾಲದಲ್ಲಿ ಪಾದರಸ ಒಂದಿಷ್ಟೂ ಇಲ್ಲದ ಕಾಡೆಲೆ ಸಿಗುವುದು ಕಷ್ಟ. ಆದರೆ ಅಂಥ ಕಾರ್ಖಾನೆ ಹತ್ತಿರವಿಲ್ಲದ ಕಡೆ ಅದು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು ಅಷ್ಟೇ. ಧಾರಾಳವಾಗಿ ಹಾಕಿ, ಕೊಳೆತ ಎಲೆಯ ಗೊಬ್ಬರ ಪಾದರಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಉಳಿದ ದರಕಿಗೆ ಬೆಂಕಿ ಮಾತ್ರ ಇಡಬೇಡಿ. ಎಲೆ ಇಳಿಸಿಕೊಟ್ಟ ಪಾದರಸ ಹೊಗೆಯ ಜೊತೆ ಮತ್ತೆ ಗಾಳಿಗೇ ಹೋಗುತ್ತದೆ.